ಒಂಬತ್ತು ಸಲ ‘ಬೇಡ’: ಒಂದು ಕಿಡ್ನಿ ಹಂಚಿಕೆಯ ಪ್ರಕರಣ

ಮೊದಲೇ ಒಂದು ಮಾತು. ಇಲ್ಲಿ ಬರುವ ರೋಗಿಗಳ ವಯಸ್ಸು, ಕೆಲಸ, ಮನೆಯ ವಿವರಗಳನ್ನು ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. ಊರು ಯಾವುದು, ಆಸ್ಪತ್ರೆ ಯಾವುದು ಅಂತ ಹೇಳುವುದಿಲ್ಲ. ಯಾವ ಹೊತ್ತಿನಲ್ಲಿ ಯಾರು ಏನು ತೀರ್ಮಾನ ಮಾಡಿದರು, ಎಲ್ಲಿ ಎಡವಿದೆವು ಅನ್ನುವುದು ಮಾತ್ರ ನಡೆದಂತೆಯೇ ಇದೆ. ನಾನು ಆಗ ಒಂದು ಕಸಿ ಘಟಕದಲ್ಲಿ ಕೋಆರ್ಡಿನೇಟರ್ ಆಗಿದ್ದೆ. ಅಂದರೆ ‘ಕಿಡ್ನಿ ಇದೆ’ ಅಂತ ನಡುರಾತ್ರಿ ಫೋನ್ ಬಂದರೆ ಎತ್ತುವವನು, ಡಾಕ್ಟರನ್ನು ಎಬ್ಬಿಸುವವನು, ರೋಗಿಗೆ ‘ಏನೂ ತಿನ್ನಬೇಡಿ, ಹೊರಟು ಬನ್ನಿ’ ಅನ್ನುವವನು.

ರೋಗಿಯನ್ನು ಇಲ್ಲಿ ಟೀಚರ್ ಅಂತ ಕರೆಯುತ್ತೇನೆ. 61ನೇ ವಯಸ್ಸಿಗೆ ಡಯಾಲಿಸಿಸ್ ಶುರುವಾಯಿತು. ಕಾರಣ ಸಕ್ಕರೆ ಕಾಯಿಲೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ಮನೆಯಲ್ಲಿ ಕಿಡ್ನಿ ಕೊಡುವವರು ಯಾರೂ ಇರಲಿಲ್ಲ; ಮಗಳಿಗೂ ಸಕ್ಕರೆ ಇತ್ತು, ಗಂಡನಿಗೆ ಹೃದಯದ ತೊಂದರೆ. ಹಾಗಾಗಿ ಮಿದುಳು ನಿಷ್ಕ್ರಿಯಗೊಂಡ ದಾನಿಯಿಂದ ಬರುವ ಕಿಡ್ನಿಗೆ ಕಾಯುವುದೊಂದೇ ದಾರಿ.

ಆದರೆ ಅವರ ಹೆಸರು ಪಟ್ಟಿಗೆ ಸೇರಿದ್ದೇ ಡಯಾಲಿಸಿಸ್ ಶುರುವಾಗಿ 27 ತಿಂಗಳ ಮೇಲೆ. ಅದರಲ್ಲಿ 22 ತಿಂಗಳು ಅವರನ್ನು ಯಾರೂ ಕಸಿ ಘಟಕಕ್ಕೆ ಕಳಿಸಿಯೇ ಇರಲಿಲ್ಲ. ‘ಈ ವಯಸ್ಸು, ಈ ಸಕ್ಕರೆ, ಯಾಕೆ ಸುಮ್ನೆ ಆಸೆ ಹುಟ್ಟಿಸುವುದು’ ಅಂತ ಡಯಾಲಿಸಿಸ್ ನೋಡುತ್ತಿದ್ದ ಡಾಕ್ಟರು ಅಂದುಕೊಂಡಿದ್ದರಂತೆ. ಕೆಟ್ಟ ಮನಸ್ಸಿನಿಂದಲ್ಲ. ಕೊನೆಗೆ ಪಕ್ಕದ ಮಂಚದ ರೋಗಿಯೊಬ್ಬರು ‘ನಿಮ್ಮ ಹೆಸರು ಯಾವಾಗ ಬರೆಸಿದ್ದು’ ಅಂತ ಕೇಳಿದಾಗಲೇ ಟೀಚರಿಗೆ ಗೊತ್ತಾಗಿದ್ದು, ಹೆಸರು ಬರೆಸಬೇಕು ಅನ್ನುವುದು. ಆಮೇಲೆ ಹೃದಯದ ಪರೀಕ್ಷೆ, ಹಲ್ಲು, ಶ್ವಾಸಕೋಶ, ಸ್ಕ್ಯಾನು ಅಂತ ಇನ್ನೈದು ತಿಂಗಳು ಹೋಯಿತು.

ನಮ್ಮ ಪಟ್ಟಿಯ ನಿಯಮದ ಪ್ರಕಾರ ಕಾಯುವ ಕಾಲ ಹೆಸರು ಸೇರಿದ ದಿನದಿಂದ ಲೆಕ್ಕ. ಅಂದರೆ ಆ 27 ತಿಂಗಳು ಸೊನ್ನೆ. ಅಷ್ಟೂ ದಿನ ಸೂಜಿ ಚುಚ್ಚಿಸಿಕೊಂಡದ್ದಕ್ಕೆ ಒಂದು ಅಂಕವೂ ಇಲ್ಲ. ಅಮೆರಿಕದಲ್ಲಿ 2014ರ ಡಿಸೆಂಬರಿನಲ್ಲಿ ಹಂಚಿಕೆಯ ನಿಯಮ ಬದಲಾಯಿಸಿದಾಗ ಇದನ್ನು ಸರಿಮಾಡಿದರು. ಹೆಸರು ತಡವಾಗಿ ಸೇರಿದರೂ ಡಯಾಲಿಸಿಸ್ ಶುರುವಾದ ದಿನದಿಂದಲೇ ಲೆಕ್ಕ ಹಿಡಿಯುತ್ತಾರೆ. ಯಾರಿಗೆ ಒಳ್ಳೆಯ ಡಾಕ್ಟರು ಬೇಗ ಸಿಗುತ್ತಾರೋ, ಯಾರಿಗೆ ಕೇಳುವ ಧೈರ್ಯ ಇದೆಯೋ ಅವರೇ ಮುಂದೆ ಹೋಗುವುದನ್ನು ಈ ಒಂದು ಸಾಲಿನ ಬದಲಾವಣೆ ಎಷ್ಟೋ ಮಟ್ಟಿಗೆ ತಡೆಯುತ್ತದೆ. ನಮ್ಮಲ್ಲಿ ಅದು ಇರಲಿಲ್ಲ. ನಾವ್ಯಾರೂ ಅದರ ಬಗ್ಗೆ ಯೋಚಿಸಿಯೂ ಇರಲಿಲ್ಲ.

ಕಡತ ತೆರೆದ ದಿನ

ಪಟ್ಟಿ ಸೇರಿ 26 ತಿಂಗಳಾಗಿತ್ತು. ವರ್ಷಕ್ಕೊಮ್ಮೆ ಎಲ್ಲ ರೋಗಿಗಳ ಕಡತ ಪರಿಶೀಲಿಸುತ್ತೇವೆ, ಹೃದಯದ ಪರೀಕ್ಷೆ ಹಳೆಯದಾಯಿತಾ, ಹೊಸ ಪ್ರತಿಕಾಯ (ಹೊರಗಿನ ಜೀವಕೋಶಗಳ ಮೇಲೆ ತಿರುಗಿಬೀಳುವ ರಕ್ತದ ಪ್ರೋಟೀನು) ಬಂದಿದೆಯಾ ಅಂತ. ಟೀಚರ್ ಕಡತ ನೋಡುವಾಗ ಸುಮ್ಮನೆ ಕುತೂಹಲಕ್ಕೆ ಅವರ ಹೆಸರಿಗೆ ಬಂದ ಕರೆಗಳ ದಾಖಲೆ ತೆಗೆದೆ.

ಒಂಬತ್ತು.

ಒಂಬತ್ತು ಸಲ ಅವರ ಹೆಸರಿಗೆ ಕಿಡ್ನಿ ಬಂದಿತ್ತು. ಒಂಬತ್ತು ಸಲವೂ ನಮ್ಮ ಘಟಕ ‘ಬೇಡ’ ಅಂದಿತ್ತು. ಅವುಗಳಲ್ಲಿ ಮೂರು ಕರೆ ನಾನೇ ಎತ್ತಿದ್ದು, ಕೈಬರಹ ನನ್ನದೇ. ಕಾರಣದ ಖಾನೆಯಲ್ಲಿ ನಾಲ್ಕು ಕಡೆ ‘ದಾನಿಯ ವಯಸ್ಸು’ ಅಂತಿತ್ತು, ಎರಡು ಕಡೆ ಬರೀ ‘ಗುಣಮಟ್ಟ’. ಒಂದು ಸಲ ಟೀಚರಿಗೆ ಜ್ವರ ಇತ್ತು. ಒಂದು ಸಲ ಕ್ರಾಸ್‌ಮ್ಯಾಚ್ ಹೊಂದಲಿಲ್ಲ, ಅಂದರೆ ಅವರ ರಕ್ತದ ಪ್ರತಿಕಾಯಗಳು ಆ ದಾನಿಯ ಜೀವಕೋಶಗಳ ಮೇಲೆ ತಿರುಗಿಬಿದ್ದವು. ಇನ್ನೊಂದು ಸಲ ಆಪರೇಷನ್ ಥಿಯೇಟರ್ ಖಾಲಿ ಇರಲಿಲ್ಲ. ಇದನ್ನು ಬರೆಯುವಾಗಲೂ ಮುಜುಗರವಾಗುತ್ತದೆ.

ಜ್ವರ ಮತ್ತು ಕ್ರಾಸ್‌ಮ್ಯಾಚ್ ಬಿಡಿ, ಅವು ಸರಿಯೇ. ಉಳಿದ ಏಳರಲ್ಲಿ ಆರು ಕಿಡ್ನಿಗಳು ಪಟ್ಟಿಯಲ್ಲಿ ಟೀಚರಿಗಿಂತ ಕೆಳಗಿದ್ದವರಿಗೆ ಬೇರೆ ಘಟಕಗಳಲ್ಲಿ ಕಸಿಯಾಗಿದ್ದವು. ಒಂದು ವರ್ಷದ ಮೇಲೆ ಐದು ಕೆಲಸ ಮಾಡುತ್ತಿದ್ದವು. ಇದನ್ನು ತಿಳಿದುಕೊಳ್ಳೋಕೆ ನಾನು ಹದಿನೈದು ದಿನ ಫೋನ್ ಮಾಡಬೇಕಾಯಿತು. ಬೇಡ ಅಂದ ಮೇಲೆ ಆ ಕಿಡ್ನಿ ಏನಾಯಿತು ಅಂತ ತಿರುಗಿ ನೋಡುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ.

ಮತ್ತೆ ಟೀಚರಿಗೆ? ಅವರಿಗೆ ಒಂಬತ್ತರಲ್ಲಿ ಒಂದೂ ಗೊತ್ತಿಲ್ಲ. ಪ್ರತಿ ಸಲ ಬಂದಾಗಲೂ ‘ಇನ್ನೂ ನನ್ನ ಸರದಿ ಬಂದಿಲ್ವಾ’ ಅಂತ ಕೇಳುತ್ತಿದ್ದರು. ನಾನು ‘ಇಲ್ಲ ಟೀಚರ್, ಬಂದ ತಕ್ಷಣ ಫೋನ್ ಮಾಡ್ತೀನಿ’ ಅನ್ನುತ್ತಿದ್ದೆ. ಬೇಕಂತಲೇ ಸುಳ್ಳು ಹೇಳಿದ್ದಲ್ಲ. ಸರದಿ ಅಂದರೆ ನಮ್ಮ ಘಟಕ ಒಪ್ಪಿದ ಕಿಡ್ನಿ ಅಂತ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು, ಅಷ್ಟೇ.

ಇದು ನಮ್ಮೊಬ್ಬರ ಕಥೆಯಲ್ಲ. ಅಮೆರಿಕದ ಪಟ್ಟಿಯ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಒಂದಾದರೂ ಕರೆ ಬಂದು, ಕಾಯುತ್ತಲೇ ಸತ್ತವರನ್ನು ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವರ ಹೆಸರಿಗೆ ಸಾಯುವ ಮುಂಚೆ 16 ಕರೆಗಳು ಬಂದಿದ್ದವು. ಕಿಡ್ನಿಯೇ ಸಿಗದೆ ಸತ್ತರು ಅಂತ ನಾವು ಅಂದುಕೊಳ್ಳುವವರ ಕಥೆ ಇದು. ಪಟ್ಟಿಯ ಕ್ರಮ ನ್ಯಾಯವಾಗಿದೆಯಾ ಅಂತ ಜನ ಜಗಳ ಆಡುತ್ತಾರೆ, ಆಡಲೇಬೇಕು. ಆದರೆ ಪಟ್ಟಿ ತನ್ನ ಕೆಲಸ ಮುಗಿಸಿ ಹೆಸರು ಕೊಟ್ಟ ಮೇಲೆ, ಫೋನ್ ಎತ್ತಿದವರು ಎರಡು ನಿಮಿಷದಲ್ಲಿ ಏನು ಅನ್ನುತ್ತಾರೆ ಅನ್ನುವುದರಲ್ಲೂ ಅಷ್ಟೇ ಹಂಚಿಕೆ ನಡೆದಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ.

ಯಾಕೆ ‘ಬೇಡ’ ಅನ್ನುತ್ತಿದ್ದೆವು

ಮುಂದಿನ ವಾರದ ಸಭೆಯಲ್ಲಿ ಈ ಒಂಬತ್ತನ್ನು ಮೇಜಿನ ಮೇಲಿಟ್ಟೆ. ಹಿರಿಯ ಸರ್ಜನ್‌ಗೆ ಸಿಟ್ಟು ಬಂತು, ಬರಬೇಕಾದ್ದೇ. ಅವರ ಮಾತು ಹೀಗಿತ್ತು: 66 ವರ್ಷದ ದಾನಿಯ ಕಿಡ್ನಿ ಹಾಕಿ ಅದು ಕೈಕೊಟ್ಟರೆ, ಆಪರೇಷನ್ನಿನ ಅಪಾಯವೂ ಆಯಿತು, ರೋಗಿ ಮತ್ತೆ ಡಯಾಲಿಸಿಸ್ಸಿಗೂ ಬಂದಳು, ಆಗ ನನ್ನನ್ನು ಕೇಳ್ತಾರೆ, ನಿಮ್ಮನ್ನಲ್ಲ.

ಅದು ನಿಜ. ಘಟಕಗಳನ್ನು ಅಳೆಯುವುದು ಕಸಿ ಮಾಡಿದ ಕಿಡ್ನಿ ಒಂದು ವರ್ಷದ ಮೇಲೂ ಕೆಲಸ ಮಾಡುತ್ತಿದೆಯಾ ಅಂತ. ಹಾಕಿದ ಕಿಡ್ನಿ ಕೆಟ್ಟರೆ ಲೆಕ್ಕಕ್ಕೆ ಬರುತ್ತದೆ. ಹಾಕದೆ ಬಿಟ್ಟ ಕಿಡ್ನಿಗಾಗಿ ಕಾದು ರೋಗಿ ಸತ್ತರೆ ಅದು ಡಯಾಲಿಸಿಸ್ ರೋಗಿಯ ಸಾವು, ಕಸಿ ಘಟಕದ ಸಾವಲ್ಲ. ಹೀಗೆ ಅಳೆದರೆ ಯಾವ ಸರ್ಜನ್ ಆದರೂ ಹುಷಾರಾಗುತ್ತಾನೆ. ಅಮೆರಿಕದಲ್ಲಿ 2007ರಲ್ಲಿ ಸರ್ಕಾರಿ ವಿಮೆಯವರು ಒಂದು ವರ್ಷದ ಫಲಿತಾಂಶಕ್ಕೆ ಘಟಕದ ಮಾನ್ಯತೆಯನ್ನೇ ಗಂಟುಹಾಕಿದ್ದರು. ಘಟಕಗಳು ಹೆದರಿ ಸ್ವಲ್ಪ ಹೆಚ್ಚುಕಮ್ಮಿ ಇರುವ ಕಿಡ್ನಿಯನ್ನೂ ರೋಗಿಯನ್ನೂ ದೂರ ಇಡುತ್ತಿವೆ ಅಂತ ವರ್ಷಗಟ್ಟಲೆ ದೂರು ಬಂದ ಮೇಲೆ 2019ರಲ್ಲಿ ಮಾನ್ಯತೆ ಮುಂದುವರಿಸೋಕೆ ಆ ಷರತ್ತು ಕೈಬಿಟ್ಟರು. 2023ರಿಂದ ಅಲ್ಲಿ ಬಂದ ಕರೆಗಳಲ್ಲಿ ಎಷ್ಟನ್ನು ಒಪ್ಪುತ್ತೀರಿ ಅನ್ನುವುದನ್ನೂ, 2024ರಿಂದ ಕಾಯುವವರಲ್ಲಿ ಎಷ್ಟು ಜನ ಸಾಯುತ್ತಾರೆ ಅನ್ನುವುದನ್ನೂ ನೋಡುತ್ತಾರೆ.

ಸರ್ಜನ್ ಹೇಳಿದ ಅಪಾಯವೂ ಸುಳ್ಳಲ್ಲ. 1999ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಇದೆ, ಪಟ್ಟಿಯಲ್ಲಿ ಕಾಯುತ್ತಿರುವವರನ್ನೂ ಕಸಿ ಆದವರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು. ಕಸಿಯಾದ ಮೊದಲ ಎರಡು ವಾರ ಸಾವಿನ ಅಪಾಯ ಡಯಾಲಿಸಿಸ್ಸಿನಲ್ಲೇ ಇದ್ದವರಿಗಿಂತ 2.8 ಪಟ್ಟು ಜಾಸ್ತಿ. ಆದರೆ ಒಂದೂವರೆ ವರ್ಷದ ಹೊತ್ತಿಗೆ ಅದು ಮೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಅಂದರೆ ಮೊದಲು ಸಾಲ, ಆಮೇಲೆ ಲಾಭ. ವಯಸ್ಸಾದವರಿಗೆ ಆ ಸಾಲ ತೀರುವಷ್ಟು ಕಾಲ ಇದೆಯಾ ಅನ್ನುವುದೇ ಪ್ರಶ್ನೆ. ಟೀಚರಿಗೆ ಇತ್ತು ಅಂತ ನಮ್ಮ ಕಿರಿಯ ಡಾಕ್ಟರು ವಾದಿಸಿದರು. ಹೃದಯ ಚೆನ್ನಾಗಿದೆ, ನಡೆದಾಡುತ್ತಾರೆ, ಸಕ್ಕರೆ ಹತೋಟಿಯಲ್ಲಿದೆ. ಆದರೆ ಇನ್ನೆರಡು ವರ್ಷ ಡಯಾಲಿಸಿಸ್ ಮಾಡಿಸಿದರೆ ಈ ಮಾತು ಹೇಳೋಕೆ ಆಗಲ್ಲ.

ಇಲ್ಲಿ ಗುಣಮಟ್ಟ ಅನ್ನುವ ಪದದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದರೆ ಕಡತದಲ್ಲಿ ಆ ಒಂದು ಪದದಿಂದ ಎರಡು ಕಿಡ್ನಿ ಹೋಗಿದ್ದವು. ಕೆಡಿಪಿಐ ಅಂತ ಒಂದು ಅಂಕಿ ಇದೆ, ಅಮೆರಿಕದ ಲೆಕ್ಕ, ಬೇರೆಯವರೂ ನೋಡುತ್ತಾರೆ. ದಾನಿಯ ವಯಸ್ಸು, ಎತ್ತರ, ತೂಕ, ಬಿಪಿ, ಸಕ್ಕರೆ, ಸಾವಿನ ಕಾರಣ, ಕ್ರಿಯಾಟಿನಿನ್ (ಕಿಡ್ನಿ ಸೋಸದೆ ರಕ್ತದಲ್ಲಿ ಉಳಿದ ಕಸ, ಕಮ್ಮಿ ಇದ್ದಷ್ಟೂ ಒಳ್ಳೆಯದು) ಇಂಥವೆಲ್ಲ ಹಾಕಿ ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಬರುತ್ತದೆ. 85 ಅಂತ ಬಂದರೆ ಜನ, ಎಷ್ಟೋ ಸಲ ಡಾಕ್ಟರುಗಳೂ, ಕೆಡುವ ಸಾಧ್ಯತೆ ನೂರಕ್ಕೆ 85 ಅಂತ ತಿಳಿಯುತ್ತಾರೆ. ಹಾಗಲ್ಲ. ದಾನಿಗಳ ನೂರು ಕಿಡ್ನಿ ಸಾಲಾಗಿಟ್ಟರೆ ಇದಕ್ಕಿಂತ ಹೆಚ್ಚು ಬಾಳುವಂಥವು 85 ಅಂತ ಮಾತ್ರ ಅರ್ಥ. ಕೊನೆಯ ಬೆಂಚಿನ ಹುಡುಗನೂ ಪಾಸಾಗಿರುತ್ತಾನೆ. ಆ ಕಿಡ್ನಿಯನ್ನು ಹೋಲಿಸಬೇಕಾದ್ದು ಎಳೆಯ ದಾನಿಯ ಕಿಡ್ನಿ ಜೊತೆ ಅಲ್ಲ, ಟೀಚರ್ ಕೂತಿರುವ ಡಯಾಲಿಸಿಸ್ ಕುರ್ಚಿ ಜೊತೆ.

ಯುರೋಪಿನಲ್ಲಿ ಜರ್ಮನಿ, ಆಸ್ಟ್ರಿಯಾ, ನೆದರ್ಲೆಂಡ್ಸ್ ಮುಂತಾದ ದೇಶಗಳು ಸೇರಿ ನಡೆಸುವ ಯುರೋಟ್ರಾನ್ಸ್‌ಪ್ಲಾಂಟ್ 1999ರಲ್ಲೇ ಇದಕ್ಕೊಂದು ದಾರಿ ಮಾಡಿತ್ತು. 65 ದಾಟಿದ ದಾನಿಗಳ ಕಿಡ್ನಿ 65 ದಾಟಿದ ರೋಗಿಗಳಿಗೆ. ಎಚ್‌ಎಲ್‌ಎ (ಜೀವಕೋಶಗಳ ಮೇಲಿನ ಗುರುತುಗಳ) ಹೊಂದಾಣಿಕೆ ನೋಡುತ್ತಾ ಕೂರುವುದಿಲ್ಲ, ಹತ್ತಿರದ ಊರಿನಲ್ಲೇ ಬೇಗ ಹಾಕುತ್ತಾರೆ. ಹಳೆಯ ಕಿಡ್ನಿ ಐಸಿನಲ್ಲಿ ಜಾಸ್ತಿ ಹೊತ್ತು ತಾಳುವುದಿಲ್ಲ ಅಂತ. ಸಭೆಯಲ್ಲಿ ಇದನ್ನು ಹೇಳಿದಾಗ ಸರ್ಜನ್ ಸುಮ್ಮನಾದರು. ಒಪ್ಪಿದರು ಅಂತಲ್ಲ.

ಕೊನೆಗೆ ತೀರ್ಮಾನ ಆಗಿದ್ದು ಎರಡೇ ಎರಡು. ಟೀಚರಿಗೆ ಎಲ್ಲ ಹೇಳಬೇಕು. ಮುಂದೆ ಎಂಥ ಕಿಡ್ನಿ ಬಂದರೆ ಬೇಕು, ಎಂಥದ್ದು ಬೇಡ ಅಂತ ಅವರ ಜೊತೆ ಮುಂಚೆಯೇ ಕೂತು ಬರೆದಿಡಬೇಕು, ನಡುರಾತ್ರಿ ಅಲ್ಲ.

ಹೇಳುವ ಕೆಲಸ ನನಗೆ ಬಿತ್ತು. ಡಯಾಲಿಸಿಸ್ ಮುಗಿದು ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದರು. ಹೇಳಿದೆ. ಬಹಳ ಹೊತ್ತು ಆ ಪಟ್ಟಿಯನ್ನೇ ಒತ್ತಿ ಹಿಡಿದು ಕೂತರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

‘ಒಂಬತ್ತು ಸಲ ನನ್ನ ಹೆಸರು ಬಂದಿತ್ತಾ?’ ಅಂದರು. ಆಮೇಲೆ, ‘ನೋಡಪ್ಪಾ, ಬೇಡ ಅನ್ನೋದಾದ್ರೆ ನಾನೇ ಅಂತಿದ್ದೆ. ಅದಕ್ಕೂ ನಿಮಗೆ ನಾನು ಬೇಕಾಗಲಿಲ್ಲ.’

ರಾತ್ರಿ 11.40

ನಾಲ್ಕು ತಿಂಗಳಾದ ಮೇಲೆ ಕರೆ ಬಂತು. ದಾನಿಗೆ 68 ವರ್ಷ, ಮಿದುಳಿನಲ್ಲಿ ರಕ್ತಸ್ರಾವ, ಹತ್ತು ವರ್ಷದಿಂದ ಬಿಪಿ, ಕೊನೆಯ ಕ್ರಿಯಾಟಿನಿನ್ 1.4. ರಕ್ತದ ಗುಂಪು ಒ. ಒ ಗುಂಪಿನ ಕಿಡ್ನಿ ಯಾವ ಗುಂಪಿನವರಿಗೂ ಆಗುತ್ತದೆ, ಆದರೆ ಒ ಗುಂಪಿನ ರೋಗಿಗೆ ಒ ಮಾತ್ರ ಆಗಬೇಕು. ಹಾಗಾಗಿ ಒ ಕಿಡ್ನಿಯನ್ನು ಒ ರೋಗಿಗಳಿಗೇ ಮೀಸಲಿಡುವ ನಿಯಮ ನಮ್ಮಲ್ಲಿ ಇತ್ತು. ಇಲ್ಲದಿದ್ದರೆ ಒ ಗುಂಪಿನವರು ಪಟ್ಟಿಯಲ್ಲಿ ಕೊಳೆಯುತ್ತಾರೆ. ಟೀಚರೂ ಒ, ಪಟ್ಟಿಯಲ್ಲಿ ನಾಲ್ಕನೆಯವರು. ಮೊದಲ ಹೆಸರು ಒಬ್ಬ 29ರ ಹುಡುಗನದು, ಅವನೂ ನಮ್ಮ ಘಟಕದವನೇ. ನಡುವಿನ ಇಬ್ಬರು ಬೇರೆ ಘಟಕಗಳವರು.

ಹಳೆಯ ಕಾಲವಾಗಿದ್ದರೆ ಹುಡುಗನ ಹೆಸರಿಗೆ ಎರಡು ನಿಮಿಷದಲ್ಲಿ ‘ದಾನಿಯ ವಯಸ್ಸು’ ಅಂತ ಬರೆದು ಮುಂದಕ್ಕೆ ಹೋಗುತ್ತಿದ್ದೆವು. ಈಗ ಕೇಳಬೇಕು ಅಂತ ನಿಯಮ ಮಾಡಿಕೊಂಡಿದ್ದು ನಾವೇ. ಫೋನ್ ಮಾಡಿದೆವು. ಅವನು ಹೂಂ ಅಂದ! ಮೂರು ವರ್ಷ ಡಯಾಲಿಸಿಸ್ ಆಗಿತ್ತು ಅವನಿಗೆ. ‘ಕೈಗೆ ಬಂದಿದ್ದನ್ನು ಯಾಕೆ ಬಿಡಲಿ ಸಾರ್? ಇನ್ನೊಂದು ಯಾವಾಗ ಬರುತ್ತೋ ಏನೋ.’

ಇಪ್ಪತ್ತು ನಿಮಿಷ ಮಾತಾಡಿದೆವು, ಕಿರಿಯ ಡಾಕ್ಟರು ಮತ್ತು ನಾನು, ಸ್ಪೀಕರ್ ಹಾಕಿಕೊಂಡು. ಡಾಕ್ಟರು ಹೇಳಿದ್ದು ಇಷ್ಟು: ಈ ಕಿಡ್ನಿ ನಿನಗೆ ಆರೇಳು ವರ್ಷ ಬರಬಹುದು, ಜಾಸ್ತಿಯೂ ಬರಬಹುದು, ಗ್ಯಾರಂಟಿ ಇಲ್ಲ. ಹೇಗೂ ನಲವತ್ತರೊಳಗೆ ಎರಡನೆಯದು ಬೇಕಾಗುತ್ತದೆ. ಮೊದಲ ಕಿಡ್ನಿ ಕೆಡುವಾಗ ಮೈಯಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟಿರುತ್ತವೆ, ಎರಡನೆಯದಕ್ಕೆ ಹೊಂದುವ ದಾನಿ ಸಿಗುವುದು ಆಗ ಬಹಳ ಕಷ್ಟ. ಕಾದರೆ ಎಳೆಯ ದಾನಿಯ ಕಿಡ್ನಿ ಸಿಗುವ ಸಾಧ್ಯತೆ ಇದೆ, ಆದರೆ ಕಾಯುವ ಕಾಲದಲ್ಲಿ ಏನಾದರೂ ಆಗಬಹುದು. ಅದನ್ನೂ ಹೇಳಿದರು, ಮರೆಮಾಚಲಿಲ್ಲ.

ಹುಡುಗ ಬಿಟ್ಟುಕೊಟ್ಟ. ‘ನೀವು ಹೇಳಿದ ಮೇಲೆ’ ಅಂದ. ಆ ಮೂರು ಪದ ನನಗೆ ಇವತ್ತಿಗೂ ಚುಚ್ಚುತ್ತವೆ. ಕೇಳಿದ್ದು ನಿಜ, ಆದರೆ ತಕ್ಕಡಿಯ ಮೇಲೆ ಬೆರಳಿಟ್ಟುಕೊಂಡೇ ಕೇಳಿದೆವಾ? ಆ ರಾತ್ರಿ ನಮ್ಮ ತಲೆಯಲ್ಲಿ ಟೀಚರ್ ಇದ್ದರು ಅನ್ನುವುದನ್ನು ನಾನು ಅಲ್ಲಗಳೆಯಲಾರೆ. ಆಮೇಲೆ ನಾವು ಮಾಡಿಕೊಂಡ ಬದಲಾವಣೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದು: ಒಬ್ಬ ರೋಗಿಗೆ ಸಲಹೆ ಕೊಡುವವರಿಗೆ ಸಾಲಿನಲ್ಲಿ ಮುಂದಿನವರು ಯಾರು ಅಂತ ಗೊತ್ತಿರಬಾರದು.

ಇದರ ಜೊತೆ ಬೆಳಿಗ್ಗೆ ನರ್ಸ್ ಒಬ್ಬರು ಹೇಳಿದ್ದೂ ಬರೆಯಬೇಕು. ‘ಹುಡುಗನಿಗೆ ಸಣ್ಣ ಮಗು ಇದೆ, ದುಡಿಯೋನು ಅವನೊಬ್ಬನೇ. ಅವನಿಗೇ ಹಾಕಬೇಕಿತ್ತು, ಟೀಚರ್ ಜೀವನ ನೋಡಿ ಆಗಿದೆ ಅಲ್ವಾ?’ ಕೇಳೋಕೆ ಸರಿ ಅನ್ನಿಸುತ್ತದೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಡಯಾಲಿಸಿಸ್ ಯಂತ್ರ ಕೆಲವೇ ಇದ್ದಾಗ, ಯಾರಿಗೆ ಕೊಡಬೇಕು ಅಂತ ತೀರ್ಮಾನಿಸೋಕೆ ಏಳು ಜನರ ಸಮಿತಿ ಮಾಡಿದ್ದರು, ಹೆಸರು ಹೊರಗೆ ಹೇಳದ ಏಳು ಜನ. ಅವರು ಮದುವೆ, ಮಕ್ಕಳು, ಆಸ್ತಿ, ಓದು, ಚರ್ಚಿಗೆ ಹೋಗುತ್ತಾರಾ ಅನ್ನುವುದನ್ನೆಲ್ಲ ನೋಡುತ್ತಿದ್ದರು. ಅದು ಪತ್ರಿಕೆಯಲ್ಲಿ ಹೊರಬಿದ್ದಾಗ ಜನರಿಗೆ ಮೈ ಉರಿಯಿತು, ಸಮಿತಿಯವರಿಗೆ ತಮ್ಮಂಥವರೇ ಯೋಗ್ಯರಾಗಿ ಕಂಡಿದ್ದರು ಅಂತ. ಇವತ್ತಿನ ಪಟ್ಟಿಗಳು ‘ಯಾರು ಒಳ್ಳೆಯವರು’ ಅಂತ ಕೇಳದೆ ‘ಎಷ್ಟು ಕಾದರು, ಎಷ್ಟು ಹೊಂದುತ್ತದೆ, ಎಷ್ಟು ಬಾಳುತ್ತದೆ’ ಅಂತ ಕೇಳುವುದು ಆ ಅನುಭವ ಇರುವುದರಿಂದ. ಅಮೆರಿಕದ 2014ರ ನಿಯಮದಲ್ಲಿ ಅತ್ಯುತ್ತಮ 20 ಶೇಕಡಾ ಕಿಡ್ನಿಗಳನ್ನು ಕಸಿಯ ಮೇಲೆ ಹೆಚ್ಚು ಕಾಲ ಬಾಳುವ ನಿರೀಕ್ಷೆ ಇರುವ 20 ಶೇಕಡಾ ರೋಗಿಗಳಿಗೆ ಮೊದಲು ತೋರಿಸುತ್ತಾರೆ. ಆ ಲೆಕ್ಕಕ್ಕೆ ನಾಲ್ಕೇ ಸಂಗತಿ: ವಯಸ್ಸು, ಡಯಾಲಿಸಿಸ್ ಕಾಲ, ಸಕ್ಕರೆ ಇದೆಯಾ, ಮುಂಚೆ ಕಸಿ ಆಗಿದೆಯಾ. ಮಗು ಇದೆಯಾ ಅನ್ನುವುದು ಇಲ್ಲ. ಸರಿಯಾಗಿಯೇ ಇಲ್ಲ.

ಎರಡು ಮತ್ತು ಮೂರನೆಯ ಹೆಸರುಗಳ ಘಟಕಗಳು ಉತ್ತರ ಕೊಡೋಕೆ ತಲಾ ಎರಡು ಗಂಟೆ ತೆಗೆದುಕೊಂಡು ಬೇಡ ಅಂದವು. ಈ ಹೊತ್ತಿಗೆ ಗಡಿಯಾರ ಓಡುತ್ತಿತ್ತು. ಕಿಡ್ನಿಯನ್ನು ದಾನಿಯ ದೇಹದಿಂದ ತೆಗೆದು ತಣ್ಣನೆಯ ದ್ರಾವಣ ಹಾಯಿಸಿ ಐಸಿನಲ್ಲಿ ಇಡುತ್ತಾರೆ. 24 ಗಂಟೆ ಸಾಮಾನ್ಯವಾಗಿ ತಾಳುತ್ತದೆ, ಅದರಾಚೆಗೂ ಹಾಕುವುದುಂಟು. ಆದರೆ ಒಂದೊಂದು ಗಂಟೆಗೂ ಒಳಗಿನ ನಳಿಕೆಗಳು ಹಾಳಾಗುತ್ತಾ ಹೋಗುತ್ತವೆ, ಹಳೆಯ ಕಿಡ್ನಿಯಲ್ಲಿ ಇನ್ನೂ ಬೇಗ. ಒಬ್ಬೊಬ್ಬರ ‘ಬೇಡ’ವೂ ಮುಂದಿನವರ ಕಿಡ್ನಿಯನ್ನು ಇನ್ನಷ್ಟು ಕೆಡಿಸಿ ಕೊಡುತ್ತದೆ. ಆಗ ಮುಂದಿನವರು ಬೇಡ ಅನ್ನೋಕೆ ಇನ್ನೊಂದು ಕಾರಣ ಸಿಗುತ್ತದೆ.

ನಮ್ಮ ಸರದಿ ಬಂದಾಗ ತಣ್ಣನೆಯ ಕಾಲ ಒಂಬತ್ತು ಗಂಟೆ ದಾಟಿತ್ತು. ಬಯಾಪ್ಸಿ ವರದಿ ಬಂತು: ಸೋಸುವ ಗಂಟುಗಳಲ್ಲಿ ನೂರಕ್ಕೆ 12 ಸತ್ತಿವೆ, ರಕ್ತನಾಳಗಳು ಸ್ವಲ್ಪ ದಪ್ಪಗಾಗಿವೆ. ಸರ್ಜನ್ ಬಂದು ನೋಡಿ ‘ನನಗಾಗಿದ್ದರೆ ಹಾಕಿಸಿಕೊಳ್ಳುತ್ತಿದ್ದೆ, ಈ ವಯಸ್ಸಿಗೆ’ ಅಂದರು. ಅವರಿಗೂ 64. ಅದೊಂದು ಮಾತಿಗೆ ನಾನು ಅವರ ಎಲ್ಲ ಸಿಟ್ಟನ್ನೂ ಮನ್ನಿಸಿದೆ.

ಇನ್ನು ಕ್ರಾಸ್‌ಮ್ಯಾಚ್. ದಾನಿಯ ಜೀವಕೋಶ, ರೋಗಿಯ ರಕ್ತ ಸೇರಿಸಿ ಮಾಡುವ ಪರೀಕ್ಷೆಗೆ ಇನ್ನೂ ನಾಲ್ಕೈದು ಗಂಟೆ ಬೇಕು. ಟೀಚರಿಗೆ ಎರಡು ಹೆರಿಗೆ ಆಗಿತ್ತು, ಅದರಿಂದ ಒಂದಿಷ್ಟು ಪ್ರತಿಕಾಯ ಇದ್ದವು, ಮುಂಚೆ ಒಂದು ಸಲ ಹೊಂದಿಯೂ ಇರಲಿಲ್ಲ. ಆದರೆ ಯಾವ ಪ್ರತಿಕಾಯ ಅಂತ ಮೂರು ತಿಂಗಳಿಗೊಮ್ಮೆ ರಕ್ತ ತೆಗೆದು ಪಟ್ಟಿ ಮಾಡಿಟ್ಟಿದ್ದೆವು. ಕೊನೆಯದು ಐದು ವಾರದ ಹಿಂದಿನದು, ನಡುವೆ ಹೊಸ ಪ್ರತಿಕಾಯ ಹುಟ್ಟುವ ಹಾಗೆ ಅವರಿಗೆ ಬೇರೆಯವರ ರಕ್ತ ಏರಿಸಿಲ್ಲ. ದಾನಿಯ ಎಚ್‌ಎಲ್‌ಎ ವಿವರವನ್ನು ಆ ಪಟ್ಟಿಯ ಜೊತೆ ಕಾಗದದ ಮೇಲೇ ತಾಳೆ ನೋಡಿದರು. ವರ್ಚುವಲ್ ಕ್ರಾಸ್‌ಮ್ಯಾಚ್ ಅನ್ನುವುದು ಇದನ್ನೇ. ಯಾವುದೂ ಡಿಕ್ಕಿ ಹೊಡೆಯಲಿಲ್ಲ. ಪ್ರಯೋಗಾಲಯದ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಟೀಚರನ್ನು ಥಿಯೇಟರಿಗೆ ಕರೆದುಕೊಂಡು ಹೋಗುವ ತೀರ್ಮಾನ ಬೆಳಗಿನ ಜಾವ ಆಯಿತು. ನಮ್ಮ ಘಟಕದಲ್ಲಿ ಅದೇ ಮೊದಲು. ಹೊಸ ಕಿಡ್ನಿಗೆ ರಕ್ತ ಹರಿದಾಗ ತಣ್ಣನೆಯ ಕಾಲ 14 ಗಂಟೆ. ಆ ಪರೀಕ್ಷೆಗೆ ಕಾದಿದ್ದರೆ 18 ದಾಟುತ್ತಿತ್ತು.

ಆಮೇಲೆ

ಮೂತ್ರ ಬರಲಿಲ್ಲ.

ಮೊದಲ ದಿನ ಇಲ್ಲ, ಮೂರನೆಯ ದಿನ ಇಲ್ಲ, ವಾರ ಆದರೂ ಚಮಚದಷ್ಟು. ಕಿಡ್ನಿ ಇನ್ನೂ ನಿದ್ದೆಯಲ್ಲಿದೆ ಅಂತ ರೋಗಿಗಳಿಗೆ ಹೇಳುತ್ತೇವೆ. ಕಸಿಯಾದ ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾದರೆ ಕಿಡ್ನಿ ತಡವಾಗಿ ಎದ್ದಿತು ಅಂತ ದಾಖಲೆಯಲ್ಲಿ ಬರೆಯುತ್ತೇವೆ. ಹಳೆಯ ದಾನಿ, ಐಸಿನಲ್ಲಿ ಹೆಚ್ಚು ಹೊತ್ತು ಇವೆರಡೂ ಇದ್ದಾಗ ಅದು ಅಪರೂಪವೇನಲ್ಲ. ಟೀಚರಿಗೆ ಮೂರು ಸಲ ಡಯಾಲಿಸಿಸ್ ಬೇಕಾಯಿತು. ಸರ್ಜನ್ ದಿನಾ ಬೆಳಿಗ್ಗೆ ಬಂದು ಮೂತ್ರದ ಚೀಲ ನೋಡಿ, ನನ್ನ ಮುಖ ನೋಡಿ ಹೋಗುತ್ತಿದ್ದರು. ಒಂಬತ್ತನೆಯ ದಿನ ಬಯಾಪ್ಸಿ ಮಾಡಿಸಿದರು. ದೇಹ ಕಿಡ್ನಿಯನ್ನು ತಿರಸ್ಕರಿಸುತ್ತಿಲ್ಲ, ನಳಿಕೆಗಳಿಗೆ ಪೆಟ್ಟಾಗಿದೆ, ಅಷ್ಟೇ. 12ನೆಯ ದಿನ 300 ಮಿಲಿ, 14ನೆಯ ದಿನ ಒಂದು ಲೀಟರ್ ದಾಟಿತು. ಟೀಚರ್ ಆ ಚೀಲವನ್ನು ಮಗಳಿಗೆ ತೋರಿಸಿ ಫೋಟೊ ತೆಗಿ ಅಂದರು.

ಕ್ರಿಯಾಟಿನಿನ್ 1.7ಕ್ಕೆ ಬಂದು ನಿಂತಿತು. ಐದನೆಯ ತಿಂಗಳು ಬಿಕೆ ವೈರಸ್ ಕಾಣಿಸಿಕೊಂಡಿತು. ಕಸಿಯಾದವರಿಗೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಡುತ್ತೇವಲ್ಲ, ಅದರಿಂದಲೇ ತಲೆಯೆತ್ತುವ ವೈರಸ್. ಮಾತ್ರೆ ತಗ್ಗಿಸಿದರೆ ವೈರಸ್ ಇಳಿಯುತ್ತದೆ, ಜಾಸ್ತಿ ತಗ್ಗಿಸಿದರೆ ತಿರಸ್ಕಾರ ಶುರುವಾಗುತ್ತದೆ. ಎರಡು ತಿಂಗಳು ಹಗ್ಗದ ಮೇಲಿನ ನಡಿಗೆ. ಈಗ ಮೂರನೆಯ ವರ್ಷ, ಕ್ರಿಯಾಟಿನಿನ್ 1.9. ಪುಸ್ತಕದ ಪ್ರಕಾರ ಇದು ಒಳ್ಳೆಯ ಕಿಡ್ನಿಯಲ್ಲ. ಟೀಚರ್ ಪ್ರಕಾರ ವಾರಕ್ಕೆ ಮೂರು ದಿನ ವಾಪಸ್ ಸಿಕ್ಕಿದೆ.

ಹುಡುಗನಿಗೆ 14 ತಿಂಗಳಾದ ಮೇಲೆ 34ರ ದಾನಿಯ ಕಿಡ್ನಿ ಸಿಕ್ಕಿತು. ಥಿಯೇಟರಿನಲ್ಲೇ ಮೂತ್ರ ಶುರುವಾಯಿತು. ಕ್ರಿಯಾಟಿನಿನ್ 1.1. ಸರಿ, ತೀರ್ಮಾನ ಸರಿಯಾಗಿತ್ತು ಅಂತ ಎಲ್ಲರೂ ಕೈಕುಲುಕಿದರು. ನಾನು ಕುಲುಕಲಿಲ್ಲ ಅಂತಲ್ಲ. ಆದರೆ ಆ 14 ತಿಂಗಳಲ್ಲಿ ಅವನ ಕೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚೋಕೆ ಮಾಡಿದ ರಕ್ತನಾಳದ ಜೋಡಣೆ) ಮುಚ್ಚಿಹೋಯಿತು, ಕುತ್ತಿಗೆಗೆ ಕ್ಯಾತಿಟರ್ ಅನ್ನುವ ಕೊಳವೆ ಹಾಕಿದರು, ಅದರಿಂದ ರಕ್ತಕ್ಕೆ ಸೋಂಕು ಹತ್ತಿ 12 ದಿನ ಆಸ್ಪತ್ರೆಯಲ್ಲಿದ್ದ, ಎರಡು ದಿನ ಐಸಿಯುನಲ್ಲಿ. ಅಲ್ಲೇ ಏನಾದರೂ ಆಗಿದ್ದರೆ ಇದೇ ತೀರ್ಮಾನವನ್ನು ನಾವು ಏನಂತ ಕರೆಯುತ್ತಿದ್ದೆವು? ಅವನಿಗೆ ಒಳ್ಳೆಯದಾಯಿತು ಅನ್ನುವುದರಿಂದ ನಾವು ಆ ರಾತ್ರಿ ಸರಿಯಾಗಿ ಯೋಚಿಸಿದೆವು ಅಂತ ಸಾಬೀತಾಗುವುದಿಲ್ಲ. ಪ್ರಕರಣಗಳನ್ನು ಬರೆಯುವವರು ಈ ತಪ್ಪು ಬಹಳ ಮಾಡುತ್ತಾರೆ.

ಟೀಚರಿಗೆ ಆದದ್ದರಿಂದ ಘಟಕದಲ್ಲಿ ಬದಲಾದದ್ದು ಹೆಚ್ಚಿಲ್ಲ, ಆದರೆ ಬದಲಾಗಿದೆ. ಬೇಡ ಅಂದ ಕಾರಣದ ಖಾನೆಯಲ್ಲಿ ‘ಗುಣಮಟ್ಟ’ ಅಂತ ಒಂದೇ ಪದ ಬರೆಯುವ ಹಾಗಿಲ್ಲ, ಏನು ಕಂಡಿತು ಅಂತ ಬರೆಯಬೇಕು. ಆ ಕಿಡ್ನಿ ಕೊನೆಗೆ ಯಾರಿಗೆ ಹೋಯಿತು, ವರ್ಷದ ಮೇಲೆ ಹೇಗಿದೆ ಅನ್ನುವುದು ಮೂರು ತಿಂಗಳಿಗೊಮ್ಮೆ ಸಭೆಗೆ ಬರುತ್ತದೆ. ಇದು ಸರ್ಜನ್‌ಗಳಿಗೆ ಇಷ್ಟವಿಲ್ಲ. ರೋಗಿಗೆ ತನ್ನ ಹೆಸರಿನ ಕರೆಗಳ ವಿವರ ಕೇಳಿದರೆ ಕೊಡುತ್ತೇವೆ. ಕೇಳದೆಯೇ ಕೊಡಬೇಕು ಅಂತ ನನ್ನ ವಾದ, ಅದು ಇನ್ನೂ ಗೆದ್ದಿಲ್ಲ. ಪ್ರತಿ ಕರೆಯನ್ನೂ ಆಗಿಂದಾಗಲೇ ಹೇಳಿದರೆ ರೋಗಿಗಳು ನಿದ್ದೆಗೆಡುತ್ತಾರೆ ಅನ್ನುವವರ ಮಾತಿನಲ್ಲೂ ಹುರುಳಿದೆ. ಕಾಯುವ ಕಾಲ ಎಂದಿನಿಂದ ಲೆಕ್ಕ ಅನ್ನುವುದು ನಮ್ಮ ಕೈಯಲ್ಲಿಲ್ಲ. ಅರ್ಜಿ ಕಳಿಸಿದ್ದೇವೆ. ಅಷ್ಟರವರೆಗೆ ಡಯಾಲಿಸಿಸ್ ಘಟಕಗಳಿಗೆ ನಾವೇ ತಿಂಗಳಿಗೊಮ್ಮೆ ಹೋಗಿ, ಹೊಸದಾಗಿ ಶುರುವಾದವರನ್ನು ಕೂರಿಸಿಕೊಂಡು ಪಟ್ಟಿಯ ವಿಷಯ ಹೇಳುತ್ತೇವೆ. ಬೇರೆ ಎಲ್ಲಕ್ಕಿಂತ ಇದರಿಂದಲೇ ಜಾಸ್ತಿ ಜನರಿಗೆ ಉಪಯೋಗ ಆಗಿದೆ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಉಳಿಯಿತು. ದಾನಿಗೆ ಎರಡು ಕಿಡ್ನಿ ಇದ್ದವು. ಟೀಚರಿಗೆ ಬಂದದ್ದು ಎಡಗಡೆಯದು. ಬಲಗಡೆಯದು ಬೇರೆ ದಿಕ್ಕಿಗೆ ಹೋಗಿ, ಘಟಕದಿಂದ ಘಟಕಕ್ಕೆ ತಿರುಗಿ, ಎಲ್ಲರೂ ಬೇಡ ಅಂದು, ಐಸಿನ ಕಾಲ ಮೀರಿ ಯಾರಿಗೂ ಹಾಕದೆ ಹೋಯಿತು. ಬಯಾಪ್ಸಿಯಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವೇ ಇರಲಿಲ್ಲ. ಇದು ಎಲ್ಲೆಡೆಯೂ ನಡೆಯುತ್ತದೆ. ಫ್ರಾನ್ಸ್ ಮತ್ತು ಅಮೆರಿಕದ 2004ರಿಂದ 2014ರ ದಾಖಲೆ ಹೋಲಿಸಿ ನೋಡಿದಾಗ ಅಮೆರಿಕದಲ್ಲಿ ತೆಗೆದ ಕಿಡ್ನಿಗಳಲ್ಲಿ ನೂರಕ್ಕೆ 17.9 ಬಳಕೆಯಾಗದೆ ಹೋಗಿದ್ದವು, ಫ್ರಾನ್ಸಿನಲ್ಲಿ 9.1. ಫ್ರಾನ್ಸಿನವರು ಹೆಚ್ಚು ವಯಸ್ಸಾದ ದಾನಿಗಳ ಕಿಡ್ನಿ ತೆಗೆದುಕೊಳ್ಳುತ್ತಿದ್ದರು ಅನ್ನುವುದನ್ನೂ ಸೇರಿಸಿಕೊಂಡು ನೋಡಿ.

ಮೊನ್ನೆ ತಪಾಸಣೆಗೆ ಬಂದಾಗ ಟೀಚರ್ ಕೇಳಿದರು, ‘ನನ್ನ ಜೊತೆದು ಯಾರಿಗೆ ಹಾಕಿದ್ರಪ್ಪಾ? ಅವರು ಹೇಗಿದ್ದಾರೆ?’ ಕಸಿಯಾದವರು ಇದನ್ನು ಕೇಳುವುದುಂಟು, ಒಡಹುಟ್ಟಿದವರನ್ನು ವಿಚಾರಿಸಿದ ಹಾಗೆ. ಯಾರು ಅಂತ ಹೇಳುವಂತಿಲ್ಲ ಟೀಚರ್, ಗುಟ್ಟಾಗಿಡಬೇಕು ಅನ್ನಬಹುದಿತ್ತು. ನಿಯಮವೂ ಅದೇ. ಬಾಯಿಗೆ ಬಂದಿತ್ತು ಕೂಡ.

‘ಯಾರಿಗೂ ಇಲ್ಲ’ ಅಂದೆ. ‘ಎಲ್ಲರೂ ಬೇಡ ಅಂದರು.’

ಎಷ್ಟು ಜನ ಅಂತ ಕೇಳಿದರು. ಕಡತ ತೆಗೆದು, ಎಣಿಸಿ, ಹೇಳಿದೆ.